ಕಾಲುಚೀಲದ ಪಾಠ

ಮೂವತ್ತೊಂದು ವರ್ಷಗಳ ಕಾಲ ನಾನು ಮಲೆನಾಡಿನ ಅಂಚಿನ ಒಂದು ಊರಿನ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿ ಸೇವೆ ಸಲ್ಲಿಸಿದೆ. ವಿದ್ಯಾರ್ಥಿಗಳ ಬಾಯಲ್ಲಿ ನಾನು ‘ಪಿ.ಡಿ. ಸರ್’. 2008ರಲ್ಲಿ ನಿವೃತ್ತನಾದ ದಿನ, ಬೀಳ್ಕೊಡುಗೆಯ ಸಭೆಯಲ್ಲಿ ಪ್ರಾಂಶುಪಾಲರು ನನ್ನ ಅವಧಿಯಲ್ಲಿ ಕಾಲೇಜಿಗೆ ಬಂದ ಬಹುಮಾನಗಳನ್ನು ಒಂದೊಂದಾಗಿ ಎಣಿಸಿ ಹೇಳಿದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಎಲ್ಲರೂ ಚಪ್ಪಾಳೆ ತಟ್ಟಿದರು. ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತ ಆ ಕಪ್ಪುಗಳೇ ನನ್ನ ದುಡಿಮೆಯ ಲೆಕ್ಕವೆಂದು ನಾನೂ ನಂಬಿದ್ದೆ. ತೃಪ್ತಿಯಿಂದಲೇ ಮನೆಗೆ ಬಂದೆ. ಆದರೆ ಆ ಎಣಿಕೆಗೆ ಸೇರದ ಒಂದು ಲೆಕ್ಕ ಬಾಕಿ ಉಳಿದಿತ್ತು. ಅದನ್ನು ನನಗೆ ನೆನಪಿಸಿದವರು ನಾನೆಂದೂ ಕಣ್ಣಾರೆ ಕಾಣದ, ಸಮುದ್ರದಾಚೆಯ ಒಬ್ಬ ವೃದ್ಧ ತರಬೇತುದಾರರು. ಅವರ ಹೆಸರು ಜಾನ್ ವುಡನ್.

2010ರ ಜೂನ್ 4ರಂದು ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಅವರು ನಿಧನರಾದಾಗ ಅವರಿಗೆ ತೊಂಬತ್ತೊಂಬತ್ತು ವರ್ಷ. ನೂರು ತುಂಬಲು ನಾಲ್ಕು ತಿಂಗಳಷ್ಟೇ ಬಾಕಿ. ಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ ಆ ಸುದ್ದಿಯನ್ನು ಓದಿದ್ದೆ. ಮರುವರ್ಷ ಅಮೆರಿಕದಿಂದ ರಜೆಗೆ ಬಂದ ನನ್ನ ತಂಗಿಯ ಮಗಳು, “ಮಾವ, ನಿಮ್ಮ ಕಸುಬಿನವರೇ ಒಬ್ಬರು ಬರೆದ ಪುಸ್ತಕ” ಎಂದು ಅವರ ಆತ್ಮಕಥೆಯನ್ನು ಕೈಗಿತ್ತಳು. 1972ರಲ್ಲಿ ಮೊದಲ ಬಾರಿಗೆ ಅಚ್ಚಾದ ಆ ಪುಸ್ತಕದ ಹೆಸರು ‘ದೇ ಕಾಲ್ ಮಿ ಕೋಚ್’. ಆ ಮಳೆಗಾಲವೆಲ್ಲ ಅದನ್ನೂ, ಅವರ ಕುರಿತು ಇತರರು ಬರೆದದ್ದನ್ನೂ ಓದುತ್ತ ಕುಳಿತೆ.

ಬ್ಯಾಸ್ಕೆಟ್‌ಬಾಲ್ ಆಟ ಹುಟ್ಟಿದ್ದೇ ಒಂದು ಕ್ರೈಸ್ತ ಸಂಸ್ಥೆಯ ಅಂಗಳದಲ್ಲಿ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು. 1891ರ ಚಳಿಗಾಲದಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ, ದೈವಶಾಸ್ತ್ರ ಓದಿದ್ದ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು ಹಿಮದಿಂದಾಗಿ ಒಳಗೇ ಕುಳಿತು ಬೇಸತ್ತ ಯುವಕರಿಗಾಗಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೇಲೆ ಕಟ್ಟಿಸಿ ಈ ಆಟವನ್ನು ರೂಪಿಸಿದರು. 1920ರಲ್ಲಿ ಮದರಾಸಿನಲ್ಲಿ ಆರಂಭವಾದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಲಿತು ಬಂದ ಅಸಂಖ್ಯ ಶಿಕ್ಷಕರಲ್ಲಿ ನಾನೂ ಒಬ್ಬ. ಹೀಗಾಗಿ ವುಡನ್ನರನ್ನು ಓದುವಾಗ ನನ್ನದೇ ಮನೆತನದ ಹಿರಿಯರೊಬ್ಬರ ಕಥೆ ಓದಿದಂತೆ ಅನಿಸುತ್ತಿತ್ತು. ಒಂದು ಕಡೆ ಬಂದಾಗ ಮಾತ್ರ ಮುಂದೆ ಓದಲಾಗದೆ ಪುಸ್ತಕವನ್ನು ಮಡಚಿಟ್ಟೆ.

ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ಎಂದರೆ ಯು.ಸಿ.ಎಲ್.ಎ.ಯಲ್ಲಿ, ಪ್ರತಿ ವರ್ಷ ಅಭ್ಯಾಸ ಆರಂಭವಾಗುವ ಮೊದಲು ವುಡನ್ ತಮ್ಮ ಆಟಗಾರರನ್ನೆಲ್ಲ ಕೂರಿಸಿಕೊಳ್ಳುತ್ತಿದ್ದರು. ದೇಶದ ಮೂಲೆಮೂಲೆಗಳಿಂದ ಆಯ್ದು ತಂದ ಹುಡುಗರು; ಏಳು ಅಡಿ ಎತ್ತರದವರೂ ಇದ್ದರು. ಈ ಮಹಾನ್ ಗುರು ಯಾವ ಗುಟ್ಟನ್ನು ಹೇಳಿಕೊಡುವರೋ ಎಂದು ಅವರೆಲ್ಲ ಕಾದಿರುತ್ತಿದ್ದರು. ಗುರುಗಳು ಹೇಳಿಕೊಡುತ್ತಿದ್ದುದು ಕಾಲುಚೀಲ ತೊಡುವುದನ್ನು. ಬೆರಳುಗಳ ಬಳಿಯಾಗಲಿ ಹಿಮ್ಮಡಿಯ ಬಳಿಯಾಗಲಿ ಒಂದು ಸುಕ್ಕೂ ಉಳಿಯದಂತೆ ಚೀಲವನ್ನು ಎಳೆದು, ಕೈಯಿಂದ ಸವರಿ ನೋಡಬೇಕು. ಬಳಿಕ ಶೂವಿನ ದಾರವನ್ನು ಕೆಳಗಿನ ತೂತಿನಿಂದ ಮೇಲಿನವರೆಗೆ ಒಂದೊಂದಾಗಿ ಬಿಗಿದು, ಆಟದ ನಡುವೆ ಬಿಚ್ಚದಂತೆ ಎರಡು ಗಂಟು ಹಾಕಬೇಕು. ಶೂಗಳ ಅಳತೆಯನ್ನೂ ಅವರೇ ಪರೀಕ್ಷಿಸುತ್ತಿದ್ದರು. ಕಾರಣ ಸರಳ: ಸುಕ್ಕಿದ್ದರೆ ಶೂ ಕಚ್ಚುತ್ತದೆ, ಕಚ್ಚಿದರೆ ಗುಳ್ಳೆ ಏಳುತ್ತದೆ, ಗುಳ್ಳೆ ಎದ್ದ ಕಾಲಿನಲ್ಲಿ ಯಾರೂ ಓಡಲಾರರು. ಮುಂದೆ ಜಗತ್ಪ್ರಸಿದ್ಧನಾದ ಬಿಲ್ ವಾಲ್ಟನ್ ಎಂಬ ಆಟಗಾರ, ಆ ಮೊದಲ ದಿನ ತನಗಾದ ನಿರಾಶೆಯನ್ನು ಮುಪ್ಪಿನವರೆಗೂ ನಗುತ್ತ ಹೇಳಿಕೊಳ್ಳುತ್ತಿದ್ದರು.

ನಾನು ನಗಲಿಲ್ಲ. ಪುಸ್ತಕ ಮಡಚಿಟ್ಟದ್ದು ಅಲ್ಲಿಯೇ.

1988ರ ಮಾತು. ನಮ್ಮ ಕಾಲೇಜಿನ ತಂಡ ಅಂತರಕಾಲೇಜು ಪಂದ್ಯಾವಳಿಯ ಅಂತಿಮ ಪಂದ್ಯಕ್ಕೆ ಬಂದಿತ್ತು. ತಂಡದಲ್ಲಿ ನಮ್ಮ ಧರ್ಮಕೇಂದ್ರದವನೇ ಆದ ಒಬ್ಬ ಹುಡುಗನಿದ್ದ. ತಂದೆ ಇರಲಿಲ್ಲ, ತಾಯಿ ಕಾಫಿ ತೋಟದಲ್ಲಿ ಕೂಲಿ ಮಾಡುತ್ತಿದ್ದರು. ಎತ್ತರ ಸಾಧಾರಣವಾದರೂ ಜಿಂಕೆಯ ಓಟ. ಅಂದು ಮೊದಲರ್ಧದಲ್ಲಿ ಅವನೇ ಆಟವನ್ನು ಎಳೆದು ನಿಲ್ಲಿಸಿದ. ಉತ್ತರಾರ್ಧದಲ್ಲಿ ಏನಾಯಿತೋ, ಹೆಜ್ಜೆ ನಿಧಾನವಾಯಿತು. ಎರಡು ಸಲ ಕೈಗೆ ಬಂದ ಚೆಂಡನ್ನು ಬಿಟ್ಟುಕೊಟ್ಟ. ಕೊನೆಯ ನಿಮಿಷದಲ್ಲಿ ಸಿಕ್ಕಿದ ಎರಡು ಫ್ರೀ ಥ್ರೋಗಳಲ್ಲಿ ಒಂದೂ ಬುಟ್ಟಿಗೆ ಬೀಳಲಿಲ್ಲ. ಒಂದೇ ಅಂಕದಿಂದ ನಾವು ಸೋತೆವು.

ಅಂದು ನಾನು ಆಡಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಎರಡೂ ತಂಡಗಳು, ಪ್ರೇಕ್ಷಕರು, ಅವನ ಸಹಪಾಠಿಗಳು, ಎಲ್ಲರ ಎದುರು ಅವನ ಭುಜ ಹಿಡಿದು, “ಕಪ್ಪು ಹೋದದ್ದು ನಿನ್ನಿಂದಲೇ. ಕಾಲು ಎತ್ತಿಡೋಕೂ ಸೋಮಾರಿತನ ನಿನಗೆ!” ಎಂದು ಕೂಗಿದೆ. ಅವನು ತಲೆ ಎತ್ತಲಿಲ್ಲ, ಏನನ್ನೂ ಹೇಳಲಿಲ್ಲ. ಮರುದಿನ ಬೆಳಗ್ಗೆ ನನ್ನ ಕೊಠಡಿಯ ಮೇಜಿನ ಮೇಲೆ ಒಗೆದು, ಮಡಚಿ ಇಟ್ಟ ಅವನ ಜರ್ಸಿ ಇತ್ತು. ಮತ್ತೆಂದೂ ಅವನು ಮೈದಾನಕ್ಕೆ ಬರಲಿಲ್ಲ.

ವಾರದ ನಂತರ ಮೈದಾನದ ಜವಾನ ಮೆಲ್ಲನೆ ಹೇಳಿದ: “ಸರ್, ಅವನ ಶೂ ಅವನದಲ್ಲ. ಹರಿದುಹೋಗಿತ್ತು ಅಂತ ಹಾಸ್ಟೆಲಿನವನ ಹತ್ರ ಕೇಳಿ ಹಾಕ್ಕೊಂಡಿದ್ದ. ದೊಡ್ಡದಾಯ್ತು ಅಂತ ಮುಂದೆ ಬಟ್ಟೆ ತುಂಬಿದ್ದ. ಕಾಲುಚೀಲ ಬಿಚ್ಚಿದಾಗ ರಕ್ತ ಸರ್.” ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡು ಸುಮ್ಮನಾದೆ. ಅವನ ಮನೆಗೆ ಹೋಗಿ ಎರಡು ಮಾತು ಆಡಬಹುದಿತ್ತು. ಭಾನುವಾರದ ಬಲಿಪೂಜೆಯ ನಂತರ ದೇವಾಲಯದ ಅಂಗಳದಲ್ಲಿ ಅವನ ತಾಯಿಯನ್ನು ಕಾಣಬಹುದಿತ್ತು. ಗುರುವಾದವನು ಶಿಷ್ಯನ ಮುಂದೆ ತಗ್ಗುವುದೆಂತು ಎಂಬ ಹಮ್ಮು ತಡೆಯಿತು. ಮುಂದಿನ ವರ್ಷ ಆ ಕಪ್ಪನ್ನು ಗೆದ್ದೆವು. ಬೀಳ್ಕೊಡುಗೆಯ ದಿನ ಪ್ರಾಂಶುಪಾಲರು ಎಣಿಸಿದ ಬಹುಮಾನಗಳಲ್ಲಿ ಅದೂ ಒಂದು.

ಇಪ್ಪತ್ತಮೂರು ವರ್ಷಗಳ ಬಳಿಕ ಓದಿದ ಕಾಲುಚೀಲದ ಪಾಠ ನನ್ನನ್ನು ಏಕೆ ಕಲಕಿತು ಎಂಬುದು ಓದುಗರಿಗೆ ಈಗ ಅರ್ಥವಾಗಿರಬಹುದು. ದೇಶದಲ್ಲೇ ಹೆಸರಾದ ತರಬೇತುದಾರನ ಕಣ್ಣು ಮೊಟ್ಟಮೊದಲು ಹುಡುಗರ ಪಾದದ ಮೇಲಿತ್ತು. ನನ್ನ ಕಣ್ಣು ಅಂಕಫಲಕದ ಮೇಲಿತ್ತು. ಹಾಗಾದರೆ ಇಂಥ ಕಣ್ಣು ಅವರಿಗೆ ಎಲ್ಲಿಂದ ಬಂತು? ಈ ಪ್ರಶ್ನೆಯನ್ನಿಟ್ಟುಕೊಂಡು ಪುಸ್ತಕವನ್ನು ಮತ್ತೆ ಮೊದಲಿನಿಂದ ಓದಿದೆ.

ವುಡನ್ ಹುಟ್ಟಿದ್ದು 1910ರ ಅಕ್ಟೋಬರ್ 14ರಂದು, ಇಂಡಿಯಾನಾ ರಾಜ್ಯದ ಒಂದು ಬಡ ರೈತ ಕುಟುಂಬದಲ್ಲಿ. ಮನೆಗೆ ವಿದ್ಯುತ್ತಿರಲಿಲ್ಲ, ನಲ್ಲಿಯ ನೀರಿರಲಿಲ್ಲ. ತಂದೆ ಜೋಶುವಾ ರಾತ್ರಿಯ ಹೊತ್ತು ದೀಪದ ಬೆಳಕಿನಲ್ಲಿ ಮಕ್ಕಳಿಗೆ ಬೈಬಲನ್ನೂ ಕವಿತೆಗಳನ್ನೂ ಓದಿ ಹೇಳುತ್ತಿದ್ದರು. ಮಕ್ಕಳ ಆಟಕ್ಕೆಂದು ತಳವಿಲ್ಲದ ಟೊಮೇಟೊ ಬುಟ್ಟಿಯನ್ನು ಹುಲ್ಲಿನ ಕೊಟ್ಟಿಗೆಯ ಗೋಡೆಗೆ ಹೊಡೆದುಕೊಟ್ಟವರು ತಂದೆ; ಹಳೆಯ ಕಾಲುಚೀಲದೊಳಗೆ ಚಿಂದಿ ಬಟ್ಟೆ ತುಂಬಿ ಹೊಲಿದು ಚೆಂಡು ಮಾಡಿಕೊಟ್ಟವರು ತಾಯಿ. ಲಸಿಕೆಯ ದೋಷದಿಂದ ಸಾಕಿದ ಹಂದಿಗಳೆಲ್ಲ ಸತ್ತು, ಸಾಲ ತೀರಿಸಲಾಗದೆ ಹೊಲ ಕೈಬಿಟ್ಟುಹೋದಾಗಲೂ ಆ ತಂದೆ ಯಾರನ್ನೂ ದೂರಲಿಲ್ಲವಂತೆ. ಸುಳ್ಳು, ಮೋಸ, ಕಳವುಗಳನ್ನು ದೂರವಿಡಬೇಕು. ಗೊಣಗಾಟ, ದೂರು, ನೆಪಗಳನ್ನೂ ದೂರವಿಡಬೇಕು ಎಂಬುದು ಮಕ್ಕಳಿಗೆ ಅವರು ಕಲಿಸಿದ ಪಾಠ. ಇತರರಿಗಿಂತ ಮೇಲಾಗಲು ಹೆಣಗದೆ, ನಿನ್ನಿಂದ ಸಾಧ್ಯವಾದಷ್ಟು ಒಳ್ಳೆಯವನಾಗು ಎಂಬುದು ಆ ಮನೆಯ ಮಂತ್ರವಾಗಿತ್ತು.

ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಅಪ್ರತಿಮ ಆಟಗಾರನೆನಿಸಿಕೊಂಡ ವುಡನ್ 1932ರಲ್ಲಿ ಪದವಿ ಪಡೆದರು. ಅದೇ ವರ್ಷ, ಶಾಲೆಯ ದಿನಗಳಿಂದ ಪ್ರೀತಿಸಿದ್ದ ನೆಲ್ ರೈಲಿಯವರೊಂದಿಗೆ ಅವರ ಮದುವೆ ಗೊತ್ತಾಯಿತು. ಮದುವೆಗೆ ಒಂದೆರಡು ದಿನವಿರುವಾಗ ಊರಿನ ಬ್ಯಾಂಕು ಮುಚ್ಚಿ, ಕೂಡಿಟ್ಟಿದ್ದ 900ಕ್ಕೂ ಹೆಚ್ಚು ಡಾಲರ್ ಮುಳುಗಿಹೋಯಿತು. ಸಾಲ ತಂದು ಮದುವೆಯಾದರು. ಕೆಂಟಕಿ ರಾಜ್ಯದ ಡೇಟನ್ ಎಂಬ ಊರಿನ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಅಧ್ಯಾಪಕನಾಗಿಯೂ ತರಬೇತುದಾರನಾಗಿಯೂ ದುಡಿಯತೊಡಗಿದರು. ಮೊದಲ ವರ್ಷ ಅವರ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು.

ನಮ್ಮ ತಂದೆತಾಯಿಗಳು ಗಮನಿಸಬೇಕಾದ ಒಂದು ಸಂಗತಿ ಆ ಅಧ್ಯಾಪಕ ವೃತ್ತಿಯಲ್ಲಿ ನಡೆಯಿತು. ಮಕ್ಕಳ ಅಂಕಪಟ್ಟಿ ಮನೆಗೆ ಹೋದಾಗಲೆಲ್ಲ ಪೋಷಕರು ಮುನಿಸಿಕೊಂಡು ಬರುತ್ತಿದ್ದರು. ಪಕ್ಕದ ಮನೆಯ ಮಗುವಿಗೆ ಸಾಧಾರಣ ಅಂಕ ಬಂದರೆ ಅವರಿಗೆ ಚಿಂತೆಯಿಲ್ಲ. ತಮ್ಮ ಮಗುವಿಗೆ ಅಷ್ಟೇ ಬಂದರೆ ತಪ್ಪು ಮಗುವಿನದು ಅಥವಾ ಅಧ್ಯಾಪಕರದು. ದೇವರು ಎಲ್ಲರಿಗೂ ಒಂದೇ ಅಳತೆಯ ಬುದ್ಧಿಯನ್ನಾಗಲಿ ಎತ್ತರವನ್ನಾಗಲಿ ಕೊಟ್ಟಿಲ್ಲವಷ್ಟೆ. ಹಾಗಿರುವಾಗ ಯಶಸ್ಸನ್ನು ಅಳೆಯುವುದು ಹೇಗೆ? ವುಡನ್ 1934ರಲ್ಲಿ ತಮಗೆ ತಾವೇ ಉತ್ತರ ಬರೆದುಕೊಂಡರು. ನನ್ನಿಂದ ಆಗುವಷ್ಟನ್ನು ಪೂರ್ತಿಯಾಗಿ ಮಾಡಿದ್ದೇನೆ ಎಂದು ತಿಳಿದಾಗ ಒಳಗೆ ಮೂಡುವ ನೆಮ್ಮದಿಯೇ ಯಶಸ್ಸು ಎಂಬುದು ಆ ಉತ್ತರದ ಸಾರ. ಈ ವಿಚಾರವನ್ನು ಕಲ್ಲಿನ ಮೇಲೆ ಕಲ್ಲಿಟ್ಟಂತೆ ಹದಿನೈದು ಗುಣಗಳ ಪಿರಮಿಡ್ಡಾಗಿ ಕಟ್ಟಲು ಅವರಿಗೆ ಹದಿನಾಲ್ಕು ವರ್ಷ ಹಿಡಿಯಿತು. ಅದರ ತಳದ ಎರಡು ಮೂಲೆಗಲ್ಲುಗಳು ಶ್ರಮ ಮತ್ತು ಉತ್ಸಾಹ. ತುದಿಯ ಬಳಿಯ ಗಾರೆ ವಿಶ್ವಾಸ ಮತ್ತು ತಾಳ್ಮೆ.

ತಾಳ್ಮೆಯ ಪರೀಕ್ಷೆ ಬಹುಬೇಗ ಬಂತು. ನೌಕಾಪಡೆಯ ಸೇವೆ ಮುಗಿಸಿ 1946ರಲ್ಲಿ ಅವರು ಇಂಡಿಯಾನಾ ರಾಜ್ಯ ಶಿಕ್ಷಕರ ಕಾಲೇಜಿಗೆ ತರಬೇತುದಾರರಾಗಿ ಬಂದರು. ಮೊದಲ ವರ್ಷವೇ ತಂಡಕ್ಕೆ ರಾಷ್ಟ್ರಮಟ್ಟದ ಪಂದ್ಯಾವಳಿಯೊಂದರಿಂದ ಆಹ್ವಾನ ಬಂತು. ಆದರೆ ಕರಿಯ ಆಟಗಾರರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅವರ ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಒಬ್ಬ ಕರಿಯ ಯುವಕನಿದ್ದ. ಅವನು ಮೀಸಲು ಆಟಗಾರ; ಅವನಿಲ್ಲದೆಯೂ ತಂಡ ಆಡಬಹುದಿತ್ತು. ಆದರೂ ಅವನನ್ನು ಬಿಟ್ಟು ಹೋಗಲೊಲ್ಲದೆ ವುಡನ್ 1947ರಲ್ಲಿ ಆಹ್ವಾನವನ್ನೇ ನಿರಾಕರಿಸಿದರು. ಮರುವರ್ಷ ನಿಯಮ ಬದಲಾಯಿತು. ವಾಕರ್ ಆ ಪಂದ್ಯಾವಳಿಯಲ್ಲಿ ಆಡಿದ ಮೊದಲ ಕರಿಯ ಆಟಗಾರನಾದ. ಅಂತಿಮ ಪಂದ್ಯದಲ್ಲಿ ತಂಡ ಸೋತಿತು. ಆ ಸೋಲಿಗಿಂತ ದೊಡ್ಡ ಗೆಲುವು ಅವರ ಹತ್ತು ಪ್ರಶಸ್ತಿಗಳಲ್ಲಿಯೂ ಇಲ್ಲವೆಂದು ನನಗೆ ತೋರುತ್ತದೆ.

1948ರಲ್ಲಿ ಅವರು ಯು.ಸಿ.ಎಲ್.ಎ.ಗೆ ಬಂದದ್ದು ಕೂಡ ಕೊಟ್ಟ ಮಾತಿಗೆ ಕಟ್ಟುಬಿದ್ದು. ಅವರ ಮನಸ್ಸಿದ್ದದ್ದು ಮಿನೆಸೋಟಾ ವಿಶ್ವವಿದ್ಯಾಲಯದ ಕಡೆಗೆ. ಅಲ್ಲಿಂದ ದೂರವಾಣಿ ಕರೆ ಬರಬೇಕಿದ್ದ ಸಂಜೆ ಹಿಮದ ಬಿರುಗಾಳಿಯಿಂದ ಸಂಪರ್ಕ ಕಡಿದುಹೋಯಿತು. ಅಷ್ಟರಲ್ಲಿ ಯು.ಸಿ.ಎಲ್.ಎ.ಯ ಕರೆ ಬಂದು ಅವರು ಒಪ್ಪಿಕೊಂಡಿದ್ದರು. ತಡವಾಗಿ ಮಿನೆಸೋಟಾದವರು ಕರೆದಾಗ, ಮಾತು ಕೊಟ್ಟಾಗಿದೆ ಎಂದುಬಿಟ್ಟರು. ಹೊಸ ಕಾಲೇಜಿನಲ್ಲಿ ಅವರಿಗೆ ಸಿಕ್ಕಿದ್ದು ಕುಸ್ತಿಯವರೂ ಅಂಗಸಾಧನೆಯವರೂ ಏಕಕಾಲಕ್ಕೆ ಬಳಸುತ್ತಿದ್ದ, ಗಾಳಿಯಾಡದ ಒಂದು ಹಳೆಯ ವ್ಯಾಯಾಮಶಾಲೆ. ಅಭ್ಯಾಸಕ್ಕೆ ಮೊದಲು ಪೊರಕೆ ಹಿಡಿದು ನೆಲ ಗುಡಿಸುವವರಲ್ಲಿ ತರಬೇತುದಾರರೂ ಒಬ್ಬರು. ಸಂಬಳ ಸಾಲದೆ ಆರಂಭದ ವರ್ಷಗಳಲ್ಲಿ ಬೆಳಗಿನ ಹೊತ್ತು ಒಂದು ಹಾಲಿನ ಡೈರಿಯಲ್ಲಿ ಲಾರಿಗಳನ್ನು ಕಳುಹಿಸುವ ಕೆಲಸವನ್ನೂ ಮಾಡಿದರು. ರಾಷ್ಟ್ರಪ್ರಶಸ್ತಿ ಅವರಿಗೆ ಮೊದಲು ಒಲಿದದ್ದು 1964ರಲ್ಲಿ, ಅಲ್ಲಿನ ಹದಿನಾರನೆಯ ಋತುವಿನಲ್ಲಿ! ಆ ವರ್ಷದ ತಂಡದ ಮೊದಲ ಐವರಲ್ಲಿ ಆರೂವರೆ ಅಡಿ ದಾಟಿದವರೇ ಇರಲಿಲ್ಲ. ಆದರೂ ಆಡಿದ ಮೂವತ್ತು ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಹದಿನೈದು ವರ್ಷ ಬರಿಗೈಯಲ್ಲಿ ನಿಂತ ತರಬೇತುದಾರನನ್ನು ಉಳಿಸಿಕೊಳ್ಳುವ ತಾಳ್ಮೆ ಇಂದು ಯಾವ ಕಾಲೇಜಿಗಿದೆ?

ಮುಂದಿನದು ದಾಖಲೆಗಳ ಕಥೆ. 1964ರಿಂದ 1975ರವರೆಗಿನ ಹನ್ನೆರಡು ವರ್ಷಗಳಲ್ಲಿ ಹತ್ತು ರಾಷ್ಟ್ರಪ್ರಶಸ್ತಿಗಳು. ಅವುಗಳಲ್ಲಿ ಏಳು ಸಾಲಾಗಿ. 1971ರಿಂದ 1974ರ ಜನವರಿಯವರೆಗೆ ಸತತ 88 ಪಂದ್ಯಗಳ ಗೆಲುವು. ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಹೆಸರಾದ ಲೂ ಆಲ್ಸಿಂಡರ್, ಬಿಲ್ ವಾಲ್ಟನ್ ಮೊದಲಾದವರು ಅವರ ಕೈಯಲ್ಲಿ ಪಳಗಿದವರು. ಇಷ್ಟಾದರೂ ಯು.ಸಿ.ಎಲ್.ಎ.ಯಲ್ಲಿ ಅವರ ವಾರ್ಷಿಕ ಸಂಬಳ ಎಂದೂ 35,000 ಡಾಲರ್ ದಾಟಲಿಲ್ಲ. ಪಂದ್ಯದ ವೇಳೆ ಒಂದು ಕೈಯಲ್ಲಿ ಸುರುಳಿ ಸುತ್ತಿದ ಕಾರ್ಯಕ್ರಮ ಪತ್ರಿಕೆ, ಇನ್ನೊಂದು ಕೈಯಲ್ಲಿ ಚಿಕ್ಕದೊಂದು ಶಿಲುಬೆ ಹಿಡಿದು ಕುಳಿತಿರುತ್ತಿದ್ದರು. ಗೆಲ್ಲಿರಿ ಎಂಬ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ ಎಂದು ಶಿಷ್ಯರೆಲ್ಲ ಹೇಳುತ್ತಾರೆ. ಬುಟ್ಟಿಗೆ ಚೆಂಡು ಹಾಕಿದವನು, ತನಗೆ ಚೆಂಡು ಒದಗಿಸಿದವನ ಕಡೆ ತಿರುಗಿ ಕೃತಜ್ಞತೆ ಸೂಚಿಸಬೇಕೆಂಬುದು ಅವರ ನಿಯಮವಾಗಿತ್ತು.

ಅವರ ಕೊನೆಯ ಋತುವಿನಲ್ಲಿ ರೋಲಂಡ್ ಥಾರ್ಪ್ ಮತ್ತು ರೊನಾಲ್ಡ್ ಗ್ಯಾಲಿಮೋರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಹದಿನೈದು ದಿನಗಳ ಅಭ್ಯಾಸವನ್ನು ಬದಿಯಲ್ಲಿ ಕುಳಿತು ನೋಡಿ, ವುಡನ್ನರ 2,326 ಮಾತು-ಸನ್ನೆಗಳನ್ನು ಬರೆದುಕೊಂಡರು. ಅವುಗಳಲ್ಲಿ ಮುಕ್ಕಾಲು ಪಾಲು ಯಾವುದನ್ನು ಹೇಗೆ ಮಾಡಬೇಕು ಎಂಬ ನೇರ ವಿವರಣೆ. ಹೊಗಳಿಕೆ ನೂರಕ್ಕೆ ಏಳರಷ್ಟು. ಅಸಮಾಧಾನವೂ ಸುಮಾರು ಅಷ್ಟೇ. ಇದನ್ನು ಓದಿದ ರಾತ್ರಿ ನನ್ನ ಮೂವತ್ತೊಂದು ವರ್ಷಗಳನ್ನು ಯಾರಾದರೂ ಹೀಗೆ ಬರೆದಿಟ್ಟಿದ್ದರೆ ಲೆಕ್ಕ ಹೇಗಿರುತ್ತಿತ್ತೋ ಎಂದು ಯೋಚಿಸಿ ನಿದ್ದೆ ಬರಲಿಲ್ಲ. ನಾನು ಕಲಿಸಿದ್ದೆಷ್ಟು, ಕೂಗಿದ್ದೆಷ್ಟು?

ಇಷ್ಟು ಹೊಗಳಿದ ಮೇಲೆ ಒಂದು ಮಾತನ್ನು ಮುಚ್ಚಿಡುವುದು ಸತ್ಯಕ್ಕೆ ದ್ರೋಹವಾದೀತು. ಯು.ಸಿ.ಎಲ್.ಎ. ತಂಡದ ಸುತ್ತ ಸುಳಿಯುತ್ತಿದ್ದ ಒಬ್ಬ ಸಿರಿವಂತ ಅಭಿಮಾನಿ, ನಿಯಮಕ್ಕೆ ವಿರುದ್ಧವಾಗಿ ಆಟಗಾರರಿಗೆ ಸಹಾಯ, ಸೌಲಭ್ಯಗಳನ್ನು ಒದಗಿಸುತ್ತಿದ್ದ. ವುಡನ್ ನಿವೃತ್ತರಾಗಿ ಆರು ವರ್ಷಗಳ ನಂತರ, 1981ರಲ್ಲಿ, ಕ್ರೀಡಾಮಂಡಳಿ ಆ ವಿಶ್ವವಿದ್ಯಾಲಯವನ್ನು ಶಿಕ್ಷೆಗೆ ಗುರಿಪಡಿಸಿ ಅವನನ್ನು ದೂರವಿಡುವಂತೆ ಆದೇಶಿಸಿತು. ವುಡನ್ನರ ಕಾಲದಲ್ಲಿಯೂ ಅದು ನಡೆದಿತ್ತೆಂದು ಪತ್ರಿಕೆಗಳು ಬರೆದವು. ವುಡನ್ ತಾವು ಅದರಲ್ಲಿ ಪಾಲುಗೊಂಡವರಲ್ಲ. ಆದರೆ ಕಾಣಬೇಕಾದುದನ್ನು ಕಾಣಲಿಲ್ಲವೇಕೆ ಎಂಬ ಪ್ರಶ್ನೆ ಅವರ ಹೆಸರಿನೊಂದಿಗೆ ಉಳಿಯಿತು. ಬಹುಶಃ ತಮ್ಮ ದೃಷ್ಟಿ ನೇರ ಮುಂದಕ್ಕೆ ಮಾತ್ರ ಇತ್ತೇನೋ ಎಂದು ಮುಂದೆ ಅವರೇ ಒಪ್ಪಿಕೊಂಡರು. ಹುಡುಗರ ಕಾಲುಚೀಲದ ಸುಕ್ಕನ್ನು ಕಂಡ ಕಣ್ಣಿಗೂ ಕಾಣದೆ ಉಳಿದದ್ದಿತ್ತು. ಇದನ್ನು ಓದಿದಾಗ ಅವರ ಮೇಲಿನ ಗೌರವ ನನಗೆ ಕುಂದಲಿಲ್ಲ. ಆದರೆ ಅವರು ಪೀಠದಿಂದ ಇಳಿದು ನನ್ನ ಪಕ್ಕದಲ್ಲಿ ಬಂದು ಕುಳಿತಂತಾಯಿತು. ಕಾಣದೆ ಹೋದದ್ದನ್ನು ಒಪ್ಪಿಕೊಳ್ಳಲು ಅವರಿಗೆ ಸಾಧ್ಯವಾಗಿದ್ದರೆ, ನನಗೇಕೆ ಆಗಬಾರದು?

1975ರ ಮಾರ್ಚ್ 31ರಂದು ಅವರು ತಮ್ಮ ಕೊನೆಯ ಪಂದ್ಯವಾಡಿಸಿದರು. ಕೆಂಟಕಿ ತಂಡವನ್ನು 92–85ರಿಂದ ಸೋಲಿಸಿ ಹತ್ತನೆಯ ಪ್ರಶಸ್ತಿಯೂ ಬಂತು. ಆಗ ಅಭಿಮಾನಿಯೊಬ್ಬ ಬಳಿಗೆ ಬಂದು, ಹೋದ ವರ್ಷ ನಮ್ಮನ್ನು ನಿರಾಶೆಗೊಳಿಸಿದ್ದಕ್ಕೆ ಇದು ಸಮವಾಯಿತು ಎಂದನಂತೆ! ಹನ್ನೆರಡು ವರ್ಷದಲ್ಲಿ ಹತ್ತು ಸಲ ಗೆದ್ದವನಿಗೂ ಲೋಕ ಹೇಳುವುದು ಸೋತ ವರ್ಷದ ಲೆಕ್ಕವನ್ನೇ. ನಾಶವಾಗುವ ಕಿರೀಟಕ್ಕಾಗಿ ಓಡುವವರ ಕುರಿತು ಸಂತ ಪೌಲರು ಕೊರಿಂಥದವರಿಗೆ ಬರೆದದ್ದು ಇಂಥದನ್ನು ಕಂಡೇ ಇರಬೇಕು.

ಹತ್ತು ವರ್ಷಗಳ ಬಳಿಕ, 1985ರ ಮಾರ್ಚ್ 21ರಂದು ನೆಲ್ ತೀರಿಕೊಂಡರು. ಐವತ್ತೆರಡು ವರ್ಷಗಳ ದಾಂಪತ್ಯ. ಅಂದಿನಿಂದ ಪ್ರತಿ ತಿಂಗಳ 21ನೆಯ ತಾರೀಖು ವುಡನ್ ಆಕೆಗೊಂದು ಪ್ರೇಮಪತ್ರ ಬರೆದು, ಹಾಸಿಗೆಯಲ್ಲಿ ಆಕೆಯ ದಿಂಬಿನ ಮೇಲೆ ಇಡುತ್ತಿದ್ದರು. ಕಣ್ಣು ಮಂದವಾಗಿ ಬರೆಯಲಾಗದ ದಿನ ಬರುವವರೆಗೂ ಇದು ನಡೆಯಿತು. 2003ರಲ್ಲಿ ವಿಶ್ವವಿದ್ಯಾಲಯವು ಆಟದ ಅಂಕಣಕ್ಕೆ ಅವರ ಹೆಸರಿಡಲು ಮುಂದಾದಾಗ, ಹೆಂಡತಿಯ ಹೆಸರು ಮೊದಲು ಬರಬೇಕೆಂದರು. ಇಂದೂ ಅದು ‘ನೆಲ್ ಮತ್ತು ಜಾನ್ ವುಡನ್ ಅಂಕಣ’. ಕಾಲುಚೀಲದ ಸುಕ್ಕನ್ನು ಸವರಿ ನೋಡಿದ ಕೈಯೇ ಆ ಪತ್ರಗಳನ್ನೂ ಬರೆದದ್ದು. ಸಣ್ಣದನ್ನು ಸಣ್ಣದೆಂದು ಬಿಡದಿರುವುದು ಅವರ ಪ್ರೀತಿಯ ರೀತಿಯಾಗಿತ್ತು.

ಪುಸ್ತಕ ಮುಗಿದರೂ ನನ್ನ ಧೈರ್ಯ ಕೂಡಿಬರಲು ಎರಡು ವರ್ಷ ಬೇಕಾಯಿತು. 2013ರ ಪವಿತ್ರ ಗುರುವಾರ ನಮ್ಮ ದೇವಾಲಯದಲ್ಲಿ ಗುರುಗಳು ಹನ್ನೆರಡು ಮಂದಿಯ ಪಾದ ತೊಳೆಯುವಾಗ ನಾನು ಎದುರಿನ ಸಾಲಿನಲ್ಲಿದ್ದೆ. ಪ್ರಭು ಯೇಸು ತಮ್ಮ ಕೊನೆಯ ರಾತ್ರಿ ಶಿಷ್ಯರ ತಪ್ಪುಗಳ ಪಟ್ಟಿ ಓದಲಿಲ್ಲ. ಬಾಗಿ ಅವರ ಪಾದಗಳನ್ನು ಹಿಡಿದರು. ಆ ಸಾಲು ಪಾದಗಳನ್ನು ನೋಡುತ್ತಿದ್ದಂತೆ ರಕ್ತ ಅಂಟಿದ ಒಂದು ಜೊತೆ ಕಾಲುಚೀಲ ನನ್ನ ಕಣ್ಣಮುಂದೆ ಬಂದು ನಿಂತಿತು. ಪಾಸ್ಕ ಹಬ್ಬ ಕಳೆದ ವಾರವೇ ಅವನ ವಿಳಾಸ ವಿಚಾರಿಸಿಕೊಂಡು ಹೊರಟೆ.

ಬೇರೆ ಊರಿನಲ್ಲಿ ಸಣ್ಣದೊಂದು ಗ್ಯಾರೇಜು ಇಟ್ಟುಕೊಂಡಿದ್ದ. ತಲೆಯಲ್ಲಿ ಅರ್ಧ ನರೆ. ಕಂಡೊಡನೆ ಗುರುತು ಹಿಡಿದು, ಎಣ್ಣೆ ಮೆತ್ತಿದ ಕೈಯನ್ನು ಒರೆಸಿಕೊಂಡು, “ಪಿ.ಡಿ. ಸರ್! ಬನ್ನಿ ಬನ್ನಿ” ಎಂದು ಹಿಂದೆಯೇ ಇದ್ದ ಮನೆಗೆ ಕರೆದೊಯ್ದ. ಕಾಫಿ ಬಂತು. ಹೇಗೆ ಆರಂಭಿಸಬೇಕೆಂದು ತಿಳಿಯದೆ ನೇರವಾಗಿ ಹೇಳಿಬಿಟ್ಟೆ: “ಆವತ್ತು ನಿನ್ನ ಕಾಲು ನೋಡದೆ ಮಾತಾಡಿದೆ. ಗೊತ್ತಾದ ಮೇಲೂ ಸುಮ್ಮನಿದ್ದೆ. ಅದು ಇನ್ನೂ ದೊಡ್ಡ ತಪ್ಪು. ಕ್ಷಮಿಸು.”

ಅವನು ಸ್ವಲ್ಪ ಹೊತ್ತು ಲೋಟವನ್ನೇ ನೋಡುತ್ತಿದ್ದ. ಆಮೇಲೆ ಹೇಳಿದ: “ಸರ್, ಆ ಮ್ಯಾಚಿನಲ್ಲಿ ನಾನು ಚೆನ್ನಾಗಿಯೇ ಆಡಿದ್ದೆ. ಆ ಕಾಲಿನಲ್ಲಿ ಅದಕ್ಕಿಂತ ಜಾಸ್ತಿ ಯಾರಿಂದಲೂ ಆಗ್ತಿರಲಿಲ್ಲ. ಅದು ನನಗೆ ಆವತ್ತೇ ಗೊತ್ತಿತ್ತು. ಸೋತಿದ್ದಕ್ಕೆ ಬೇಜಾರಿರಲಿಲ್ಲ. ನಿಮಗೆ ಗೊತ್ತಾಗಲಿಲ್ಲ ಅಂತ ಬೇಜಾರಿತ್ತು.”

ವುಡನ್ ಹದಿನಾಲ್ಕು ವರ್ಷ ಯೋಚಿಸಿ ಕಟ್ಟಿದ ಪಿರಮಿಡ್ಡಿನ ತುದಿಯನ್ನು ಹತ್ತೊಂಬತ್ತರ ಆ ಹುಡುಗ ಒಂದೇ ಸಂಜೆಯಲ್ಲಿ ಮುಟ್ಟಿದ್ದ. ಕಪ್ಪುಗಳನ್ನು ಎಣಿಸುತ್ತಿದ್ದ ನನಗೆ ಅದು ಕಾಣಿಸಿರಲಿಲ್ಲ. ಅವನು ಕ್ಷಮಿಸಿದ್ದೇನೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಊಟ ಮಾಡಿಕೊಂಡೇ ಹೋಗಬೇಕೆಂದು ಹಠ ಹಿಡಿದ.

ಹೊರಡುವ ಹೊತ್ತಿಗೆ ಅವನ ಮಗಳು ಬೇಸಿಗೆ ಶಿಬಿರದ ಥ್ರೋಬಾಲ್ ಅಭ್ಯಾಸಕ್ಕೆಂದು ಬಾಗಿಲ ಬಳಿ ಕುಳಿತು ಶೂ ಹಾಕಿಕೊಳ್ಳುತ್ತಿದ್ದಳು. ಅವನು ಮಾತಿನ ನಡುವೆಯೇ ಬಾಗಿ, ಶೂವಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, “ಬಿಗಿ ಇಲ್ಲ ತಾನೆ? ಎಲ್ಲೂ ಕಚ್ತಿಲ್ಲ ಅಲ್ವಾ?” ಎಂದು ಕೇಳಿದ. ಮಗಳು, “ಇಲ್ಲಪ್ಪ, ದಿನಾ ಕೇಳ್ತೀಯ” ಎಂದು ನಕ್ಕು ಓಡಿದಳು.

ಪ್ರಿಯ ಓದುಗರೇ, ಪರೀಕ್ಷೆಯ ಫಲಿತಾಂಶಗಳ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಎಷ್ಟೋ ಮಾತುಗಳು ಹಾರಾಡುತ್ತವೆ. ಮಕ್ಕಳು ಮನೆಗೆ ತಂದ ಅಂಕವೆಷ್ಟು ಎಂದು ಕೇಳುವ ಮೊದಲು, ಅವರು ಎಂಥ ಶೂವಿನಲ್ಲಿ ಓಡಿ ಬಂದರು ಎಂದು ಒಮ್ಮೆ ಬಾಗಿ ನೋಡೋಣ. ಆಡಿಬಿಟ್ಟ ಮಾತು ಹಳೆಯದಾಗಿದ್ದರೂ, ಹೋಗಿ ಬಾಗಿಲು ತಟ್ಟೋಣ. ಇಪ್ಪತ್ತೈದು ವರ್ಷ ತಡವಾಗಿ ಹೋದ ನನಗೂ ಅಲ್ಲಿ ಊಟವಿತ್ತು.